ಮನೆಯ ಲೆಕ್ಕದಲ್ಲಿ ಕಚ್ಚಾ ತೈಲ

ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳು ಹೊತ್ತು ತರುವ ಕಚ್ಚಾ ತೈಲ ಕೊಳವೆಗಳಲ್ಲಿ ಹರಿದು ಸುರತ್ಕಲ್ ಹತ್ತಿರದ ಕುತ್ತೆತ್ತೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಸೇರುತ್ತದೆ. ಅಲ್ಲಿಂದ ಪೆಟ್ರೋಲ್, ಡೀಸೆಲ್ ಆಗಿ ಹೊರಟದ್ದು ಇನ್ನೊಂದು ಕೊಳವೆ ಹಿಡಿದು ಘಟ್ಟ ಹತ್ತುತ್ತದೆ, ಹಾಸನ ದಾಟುತ್ತದೆ, ಸುಮಾರು 360 ಕಿ.ಮೀ. ಸಾಗಿ ಹೊಸಕೋಟೆ ಬಳಿಯ ದೇವನಗೊಂದಿಗೆ ಬಂದು ನಿಲ್ಲುತ್ತದೆ. ಅಲ್ಲಿ ಟ್ಯಾಂಕರ್ ಲಾರಿಗಳಿಗೆ ತುಂಬಿಕೊಂಡು ನಮ್ಮ ನಮ್ಮ ಬಡಾವಣೆಯ ಪೆಟ್ರೋಲ್ ಬಂಕಿಗೆ ಬರುತ್ತದೆ. ನಾವು ಬಂಕಿನಲ್ಲಿ ನಿಂತು ಸ್ಕೂಟರಿಗೆ ಹಾಕಿಸುವ ಎರಡು ಲೀಟರಿನ ಹಿಂದೆ ಇಷ್ಟು ದೂರದ ದಾರಿ ಇದೆ. ಅದರ ಮೊದಲ ತುದಿ ನಮ್ಮ ದೇಶದಲ್ಲಿಲ್ಲ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅಮೆರಿಕ, ಚೀನಾಗಳ ನಂತರ ಅತಿ ಹೆಚ್ಚು ತೈಲ ಬಳಸುವ ದೇಶ ನಮ್ಮದು.

ತೈಲ ಉಳಿಸುವ ವಿಚಾರಕ್ಕೆ ಹೊಸದಾಗಿ ಬಂದವರಿಗಾಗಿ ಈ ಬರಹ. ಮೊದಲಿಂದಲೇ ಹೇಳುತ್ತೇನೆ. ಅವಸರ ಬೇಡ, ಒಂದೊಂದೇ ಹೆಜ್ಜೆ ಇಡೋಣ.

ಅಳತೆಯಿಂದ ಶುರು ಮಾಡೋಣ. ಕಚ್ಚಾ ತೈಲವನ್ನು ಜಗತ್ತಿನಲ್ಲಿ ಅಳೆಯುವುದು ಬ್ಯಾರೆಲ್ ಲೆಕ್ಕದಲ್ಲಿ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಭಾರತ ದಿನವೊಂದಕ್ಕೆ 50 ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ಬಳಸುತ್ತದೆ. ಇದನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಅಮೆರಿಕದಲ್ಲಿ ಇದೇ ಲೆಕ್ಕ ತಲೆಗೆ ಒಂಬತ್ತು ಲೀಟರ್ ದಾಟುತ್ತದೆ. ಹಾಗಾದರೆ ನಾವೇಕೆ ಚಿಂತಿಸಬೇಕು ಎಂದು ಯಾರಾದರೂ ಕೇಳಬಹುದು. ಸರಾಸರಿ ಅರ್ಧ ಲೀಟರ್ ಎಂದರೆ ಎಲ್ಲರೂ ಅಷ್ಟೇ ಬಳಸುತ್ತಾರೆಂದಲ್ಲ. ಬಸ್ಸನ್ನೇ ಕಾಣದ ಹಾಡಿಯ ಅಜ್ಜಿಯೂ ಆ ಸರಾಸರಿಯಲ್ಲಿದ್ದಾಳೆ, ದಿನವೂ ಒಬ್ಬರೇ ಕಾರಿನಲ್ಲಿ ಹೊರವರ್ತುಲ ರಸ್ತೆ ಹಿಡಿಯುವವರೂ ಇದ್ದಾರೆ. ಪತ್ರಿಕೆ ಓದುವ ನಮ್ಮಲ್ಲಿ ಹೆಚ್ಚಿನವರು ಎರಡನೆಯ ಗುಂಪಿಗೇ ಹತ್ತಿರ. ಮೇಲಾಗಿ ಆಪತ್ತಿಗೆಂದು ದೇಶ ಕೂಡಿಟ್ಟಿರುವ ತೈಲ ಬಹಳವೇನಿಲ್ಲ. ಉಡುಪಿ ಜಿಲ್ಲೆಯ ಪಾದೂರು, ಮಂಗಳೂರು, ವಿಶಾಖಪಟ್ಟಣ ಈ ಮೂರು ಕಡೆ ಬಂಡೆ ಕೊರೆದು ಮಾಡಿದ ನೆಲದಾಳದ ಗುಹೆಗಳು ಪೂರ್ತಿ ತುಂಬಿದರೂ ಅದು ಸುಮಾರು ಒಂಬತ್ತೂವರೆ ದಿನದ ಅಗತ್ಯಕ್ಕೆ ಸಾಕಾಗುವಷ್ಟು. ಇವುಗಳಲ್ಲಿ ದೊಡ್ಡದು ಪಾದೂರಿನದು, 25 ಲಕ್ಷ ಟನ್ ಹಿಡಿಯುತ್ತದೆ.

ಈಗ ಸಂಸ್ಕರಣಾಗಾರದೊಳಗೆ ಹೋಗೋಣ. ಕಚ್ಚಾ ತೈಲವನ್ನು 350 ಡಿಗ್ರಿಗೂ ಮೀರಿ ಕಾಯಿಸಿ ಎತ್ತರದ ಗೋಪುರದೊಳಗೆ ಬಿಡುತ್ತಾರೆ. ಇಡ್ಲಿ ಪಾತ್ರೆಯಲ್ಲಿ ತಟ್ಟೆಯ ಮೇಲೆ ತಟ್ಟೆ ಇರುವಂತೆ ಗೋಪುರದೊಳಗೂ ಅಂತಸ್ತುಗಳಿವೆ. ಆವಿ ಮೇಲೇರುತ್ತ ತಣಿಯುತ್ತದೆ. ಹಗುರವಾದದ್ದು ಮೇಲಿನ ಅಂತಸ್ತಿನಲ್ಲಿ, ಭಾರವಾದದ್ದು ಕೆಳಗಿನದರಲ್ಲಿ ನಿಲ್ಲುತ್ತದೆ. ತುದಿಯಲ್ಲಿ ಅಡುಗೆ ಅನಿಲ, ಅದರ ಕೆಳಗೆ ಪೆಟ್ರೋಲ್ ಮತ್ತು ನಾಫ್ತಾ, ಆಮೇಲೆ ಸೀಮೆಎಣ್ಣೆ, ವಿಮಾನದ ಇಂಧನ, ಡೀಸೆಲ್, ಎಲ್ಲಕ್ಕಿಂತ ಕೆಳಗೆ ರಸ್ತೆಗೆ ಹಾಕುವ ಡಾಂಬರು. ನಾಫ್ತಾ ಎಂಬ ಈ ಹೆಸರು ಹೆಚ್ಚಿನವರಿಗೆ ಹೊಸದು. ಪ್ಲಾಸ್ಟಿಕ್ಕಿನ ಮುಖ್ಯ ಮೂಲ ಇದೇ. ಹಾಲಿನ ಪ್ಯಾಕೆಟ್, ನೀರಿನ ಬಾಟಲಿ, ಪಾಲಿಯೆಸ್ಟರ್ ಅಂಗಿ, ಅಕ್ಕಿ ಚೀಲ, ಕುರ್ಚಿ, ಹಗ್ಗ ಎಲ್ಲದರ ಹಿಂದೆಯೂ ತೈಲವೋ ಅದರ ಜೊತೆಯ ಅನಿಲವೋ ಇದೆ. ಮಂಗಳೂರಿನ ಇದೇ ಸಂಸ್ಕರಣಾಗಾರದಲ್ಲಿ ಪಾಲಿಪ್ರೊಪಿಲೀನ್ ಕೂಡ ತಯಾರಾಗುತ್ತದೆ. ಸಿಮೆಂಟ್, ಅಕ್ಕಿ ತುಂಬುವ ನೇಯ್ದ ಚೀಲಗಳು ಆಗುವುದು ಆ ವಸ್ತುವಿನಿಂದ.

ಹಾಗಾಗಿ ತೈಲ ನಮ್ಮ ಮನೆಗೆ ಎರಡು ಬಗೆಯಲ್ಲಿ ಬರುತ್ತದೆ. ಒಂದು ಉರಿದು ಹೋಗುವ ತೈಲ, ಇನ್ನೊಂದು ವಸ್ತುವಾಗಿ ಉಳಿಯುವ ತೈಲ. ಉರಿದು ಹೋದದ್ದನ್ನು ಯಾವ ಮರುಬಳಕೆಯೂ ಹಿಂದಕ್ಕೆ ತರಲಾರದು. ಅದನ್ನು ಮೊದಲೇ ಕಡಿಮೆ ಉರಿಸಬೇಕು, ಬೇರೆ ದಾರಿಯಿಲ್ಲ. ವಸ್ತುವಾಗಿ ಉಳಿದದ್ದನ್ನು ಮಾತ್ರ ಮತ್ತೆ ಬಳಸಬಹುದು, ಕರಗಿಸಿ ಹೊಸದಾಗಿಸಬಹುದು. ಈ ಭೇದ ಮನಸ್ಸಿಗೆ ಬಂದರೆ ಅರ್ಧ ಪಾಠ ಮುಗಿದಂತೆ.

ಯಾವುದರ ಪಾಲು ಎಷ್ಟು? ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ಲಾಸ್ಟಿಕ್, ನೂಲು, ಬಣ್ಣ, ರಸಗೊಬ್ಬರ ಮುಂತಾದ ರಾಸಾಯನಿಕ ಉದ್ದಿಮೆಗಳೆಲ್ಲ ಸೇರಿ ಬಳಸುವುದು ಜಗತ್ತಿನ ತೈಲದ ಸುಮಾರು ಏಳನೇ ಒಂದು ಪಾಲು. ಉಳಿದದ್ದರಲ್ಲಿ ದೊಡ್ಡ ಪಾಲು ವಾಹನಗಳಲ್ಲಿ ಉರಿಯುತ್ತದೆ. ಭಾರತದಲ್ಲಿ ಅತಿ ಹೆಚ್ಚು ಖರ್ಚಾಗುವ ತೈಲೋತ್ಪನ್ನ ಡೀಸೆಲ್, ಒಟ್ಟು ಬಳಕೆಯಲ್ಲಿ ಸುಮಾರು ಶೇ 40.

ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದಿನಕ್ಕೆ ಎರಡು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತರುತ್ತಾರೆ. ಖಾಲಿ ಪ್ಯಾಕೆಟ್ ಒಂದು ಸುಮಾರು ಮೂರು ಗ್ರಾಂ ತೂಗುತ್ತದೆ. ವರ್ಷಕ್ಕೆ 730 ಪ್ಯಾಕೆಟ್, ಎಂದರೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಪ್ಲಾಸ್ಟಿಕ್. ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಕಚ್ಚಾ ವಸ್ತು, ತಯಾರಿಕೆಯ ಶಾಖ ಎಲ್ಲ ಸೇರಿ ಅಂದಾಜು ಎರಡು ಕಿಲೋ ತೈಲ ಬೇಕೆಂದು ಹಿಡಿಯಿರಿ. ಇಡೀ ವರ್ಷದ ಹಾಲಿನ ಪ್ಯಾಕೆಟ್ಟಿಗೆ ಐದು ಲೀಟರಿನಷ್ಟು ತೈಲವಾಯಿತು. ಅದೇ ಮನೆಯವರು ಲೀಟರಿಗೆ 12 ಕಿ.ಮೀ. ಕೊಡುವ ಕಾರಿನಲ್ಲಿ ದಿನಕ್ಕೆ 20 ಕಿ.ಮೀ. ಓಡಾಡುತ್ತಾರೆಂದುಕೊಳ್ಳಿ. ವರ್ಷಕ್ಕೆ 300 ದಿನಕ್ಕೆ 500 ಲೀಟರ್ ಪೆಟ್ರೋಲ್. ವರ್ಷವಿಡೀ ಜೋಪಾನವಾಗಿ ತೊಳೆದಿಟ್ಟ ಪ್ಯಾಕೆಟ್ಟುಗಳ ತೈಲ ಕಾರಿನ ಮೂರು ದಿನದ ಓಡಾಟಕ್ಕೆ ಸಮ.

ಈ ಲೆಕ್ಕ ಕೇಳಿ ಪ್ಯಾಕೆಟ್ ತೊಳೆಯುವುದನ್ನು ಬಿಡಬೇಡಿ. ಅದಕ್ಕೆ ಬೇರೆ ಕಾರಣಗಳೂ ಇವೆ, ಮುಂದೆ ಬರುತ್ತವೆ. ಆದರೆ ಬಟ್ಟೆ ಚೀಲ ಹಿಡಿದುಕೊಂಡು ಕಾರಿನಲ್ಲಿ ಎರಡು ಕಿ.ಮೀ. ಹೋಗಿ ತರಕಾರಿ ತಂದರೆ ತೈಲ ಉಳಿದಿರುವುದಿಲ್ಲ. ಪ್ರಮಾಣ ತಿಳಿಯದ ಕಾಳಜಿ ತಪ್ಪು ಜಾಗದಲ್ಲಿ ಬೆವರು ಸುರಿಸುತ್ತದೆ. ಆದ್ದರಿಂದ ವಾಹನದ ವಿಚಾರವನ್ನೇ ಮೊದಲು ಹೇಳುತ್ತೇನೆ, ಅದನ್ನೇ ಹೆಚ್ಚು ಹೇಳುತ್ತೇನೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಸುಮಾರು ಕಾಲು ಭಾಗ. ಉಳಿದದ್ದು ಶಾಖವಾಗಿ ರೇಡಿಯೇಟರಿನಿಂದ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಚಕ್ರಕ್ಕೆ ತಲುಪಿದ ಆ ಕಾಲು ಭಾಗ ಮೂರು ಕೆಲಸಕ್ಕೆ ಖರ್ಚಾಗುತ್ತದೆ: ಗಾಳಿಯನ್ನು ಸೀಳಲು, ಟೈರು ಉರುಳಲು, ನಿಂತ ವಾಹನಕ್ಕೆ ವೇಗ ಕೊಡಲು. ನಮ್ಮ ಅಭ್ಯಾಸಗಳೆಲ್ಲ ಈ ಮೂರರ ಮೇಲೆಯೇ ಪರಿಣಾಮ ಬೀರುತ್ತವೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ಹೋಗುತ್ತಿದ್ದವರು 80ಕ್ಕೆ ಏರಿಸಿದರೆ ವೇಗ ಮೂರನೇ ಒಂದು ಪಾಲು ಹೆಚ್ಚಾಯಿತು, ಗಾಳಿಯ ತಡೆ ಹೆಚ್ಚುಕಡಿಮೆ 1.8 ಪಟ್ಟು ಆಯಿತು. 80ರಿಂದ 100ಕ್ಕೆ ಹೋದರೆ ಮತ್ತೆ ಒಂದೂವರೆ ಪಟ್ಟು. ತುಮಕೂರು ರಸ್ತೆಯಲ್ಲೋ ಮೈಸೂರು ಹೆದ್ದಾರಿಯಲ್ಲೋ ಹತ್ತು ನಿಮಿಷ ಮುಂಚೆ ತಲುಪಲು ನಾವು ಕೊಡುವ ಬೆಲೆ ಇದು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹಿಂದಿನಿಂದಲೂ ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನೇ ಮಿತವ್ಯಯದ ವೇಗವೆಂದು ಸಾರುತ್ತ ಬಂದಿದೆ. ಹೆದ್ದಾರಿಯಲ್ಲಿ ಅಷ್ಟು ನಿಧಾನ ಹೋಗುವುದು ಕೆಲವೊಮ್ಮೆ ಕ್ಷೇಮವಲ್ಲ, ಒಪ್ಪುತ್ತೇನೆ. ಆದರೆ 110ನ್ನು 80ಕ್ಕೆ ಇಳಿಸಲು ಯಾವ ಅಡ್ಡಿಯೂ ಇಲ್ಲ.

ಟೈರಿನ ಗಾಳಿ ಕಡಿಮೆಯಿದ್ದರೆ ಟೈರು ನೆಲಕ್ಕೆ ಹೆಚ್ಚು ಚಪ್ಪಟೆಯಾಗಿ ತಾಗುತ್ತದೆ. ಉರುಳುವಾಗ ಹಿಗ್ಗಿ ಕುಗ್ಗಿ ಬಿಸಿಯಾಗುತ್ತದೆ, ಆ ಬಿಸಿಯೂ ಪೆಟ್ರೋಲಿನಿಂದಲೇ ಬಂದದ್ದು. ಬಂಕಿನಲ್ಲಿ ಗಾಳಿ ಹಿಡಿಸಲು ಐದು ನಿಮಿಷ ಸಾಕು. ದೂರ ಓಡಿಸಿ ಬಂದು ಟೈರು ಬಿಸಿಯಾಗಿದ್ದಾಗ ಅಳತೆ ಸರಿ ಬರುವುದಿಲ್ಲ, ಬೆಳಿಗ್ಗೆ ಹೊರಡುವಾಗಲೇ ನೋಡಿಸಬೇಕು. ಎಷ್ಟು ಗಾಳಿ ಇರಬೇಕೆಂದು ಕಾರಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿ, ಸ್ಕೂಟರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಇಷ್ಟು ಅಗ್ಗದ, ಇಷ್ಟು ಸುಲಭದ ತೈಲ ಉಳಿತಾಯ ಇನ್ನೊಂದಿಲ್ಲ, ಆದರೂ ತಿಂಗಳುಗಟ್ಟಲೆ ಯಾರೂ ನೋಡಿಸುವುದಿಲ್ಲ ಎಂಬುದು ನನ್ನ ಬೇಸರ.

ಇನ್ನು ವೇಗ ಕೊಡುವುದು. ಬ್ರೇಕ್ ಒತ್ತಿದಾಗಲೆಲ್ಲ ಪೆಟ್ರೋಲ್ ಉರಿಸಿ ಗಳಿಸಿದ ವೇಗವನ್ನು ಶಾಖ ಮಾಡಿ ಬಿಸಾಡುತ್ತೇವೆ. ಮುಂದೆ ಕೆಂಪು ದೀಪ ಕಾಣುತ್ತಿದ್ದರೂ ಆಕ್ಸಿಲರೇಟರ್ ತಿರುವಿ ಹೋಗಿ ಗಕ್ಕನೆ ನಿಲ್ಲುವುದಕ್ಕಿಂತ ದೂರದಿಂದಲೇ ಕೈ ಸಡಿಲಿಸುವುದು ಲೇಸು. ನಿಂತಾಗ ಎಂಜಿನ್ ಆರಿಸಿ. ಸುಮ್ಮನೆ ನಿಂತ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ, ಎ.ಸಿ. ಹಾಕಿದ್ದರೆ ಇನ್ನೂ ಹೆಚ್ಚು. ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವಾಗ ಎಂಜಿನ್ ಓಡುತ್ತಲೇ ಇರುವ ಸಾಲು ಸಾಲು ಕಾರುಗಳನ್ನು ನೀವೂ ನೋಡಿರುತ್ತೀರಿ. ಆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ಚಿಕ್ಕ ಓಡಾಟಗಳ ಬಗ್ಗೆ ಒಂದು ಮಾತು. ತಣ್ಣಗಿರುವ ಎಂಜಿನ್ ಮೊದಲ ಒಂದೆರಡು ಕಿ.ಮೀ.ನಲ್ಲಿ ಮಾಮೂಲಿಗಿಂತ ಹೆಚ್ಚು ಇಂಧನ ತಿನ್ನುತ್ತದೆ. ಬೀದಿ ತುದಿಯ ಅಂಗಡಿಗೆ ಕೊತ್ತಂಬರಿ ತರಲು ಗಾಡಿ ತೆಗೆದರೆ ಇಡೀ ಪ್ರಯಾಣ ಆ ದುಬಾರಿ ಭಾಗದಲ್ಲೇ ಮುಗಿಯುತ್ತದೆ. ನಡೆದು ಹೋಗುವುದಕ್ಕೆ, ಸೈಕಲ್ಲಿಗೆ ಸರಿಯಾದ ಜಾಗ ಇದೇ. ನಾಲ್ಕು ಕೆಲಸಕ್ಕೆ ನಾಲ್ಕು ಸಲ ಹೋಗುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿಕೊಂಡು ಬರುವುದನ್ನು ನಮ್ಮ ಹಿರಿಯರು ಸಂತೆಯ ದಿನ ಮಾಡುತ್ತಿದ್ದರು. ಆ ಅಭ್ಯಾಸ ಇಂದಿಗೂ ಸಲ್ಲುತ್ತದೆ.

ಈಗ ಬಸ್ಸು. ಇಲ್ಲಿ ಲೆಕ್ಕ ಗಮನವಿಟ್ಟು ನೋಡಬೇಕು. ನಗರದ ಡೀಸೆಲ್ ಬಸ್ಸು ಲೀಟರಿಗೆ ಸುಮಾರು ನಾಲ್ಕು ಕಿ.ಮೀ. ಓಡುತ್ತದೆ. ಅದರಲ್ಲಿ ನಲವತ್ತು ಜನ ಇದ್ದರೆ ಒಂದು ಲೀಟರಿನಲ್ಲಿ ಸಾಗಿದ್ದು ತಲಾ ಒಂದು ಕಿ.ಮೀ.ನಂತೆ 160 ಜನರಿಗೆ ಸಮ. ಒಬ್ಬರೇ ಕುಳಿತ ಕಾರಿಗೆ ಇದೇ ಲೆಕ್ಕ 12 ಅಥವಾ 15. ಒಬ್ಬರೇ ಇರುವ ಸ್ಕೂಟರಿಗೆ ಸುಮಾರು 45, ಇಬ್ಬರಿದ್ದರೆ 90ರ ಹತ್ತಿರ. ಆದರೆ ಅದೇ ಬಸ್ಸಿನಲ್ಲಿ ಹತ್ತೇ ಜನ ಇದ್ದರೆ ಲೆಕ್ಕ 40ಕ್ಕೆ ಇಳಿಯುತ್ತದೆ, ಸ್ಕೂಟರಿಗಿಂತ ಕೆಳಗೆ. ಬಸ್ಸು ತೈಲ ಉಳಿಸುವುದು ಅದು ತುಂಬಿದಾಗ ಮಾತ್ರ. ಅಂದರೆ ನೀವು ಬಸ್ಸು ಹತ್ತಿದ ದಿನ ನಿಮ್ಮ ಪೆಟ್ರೋಲ್ ಉಳಿಯುತ್ತದೆ, ಹೇಗೂ ಓಡಲಿದ್ದ ಬಸ್ಸಿನ ಡೀಸೆಲಿಗೂ ಹೆಚ್ಚು ಬೆಲೆ ಬರುತ್ತದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬಹಳ ಏರಿದೆ. ಆ ಯೋಜನೆಯ ಬಗ್ಗೆ ಹಣಕಾಸಿನ ವಾದಗಳು ಏನೇ ಇರಲಿ, ತುಂಬಿದ ಬಸ್ಸು ಇಂಧನದ ದೃಷ್ಟಿಯಿಂದ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೆಂಗಳೂರಿನಲ್ಲಿ ಮೆಟ್ರೋ ಇದೆ, ಅದು ಓಡುವುದು ವಿದ್ಯುತ್ತಿನಿಂದ.

ವಿದ್ಯುತ್ ಎಂದಾಗ ಹೊಸಬರಿಗೆ ಸಾಮಾನ್ಯವಾಗಿ ಒಂದು ಗೊಂದಲ ಇರುತ್ತದೆ. ದೀಪ ಆರಿಸಿದರೆ ಪೆಟ್ರೋಲ್ ಉಳಿಯುತ್ತದೆಯೇ? ಭಾರತದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು, ಉಳಿದದ್ದು ನೀರು, ಗಾಳಿ, ಬಿಸಿಲು, ಅಣುಶಕ್ತಿ, ಅನಿಲದ್ದು. ತೈಲದಿಂದ ತಯಾರಾಗುವುದು ನಗಣ್ಯ. ಆದ್ದರಿಂದ ದೀಪ ಆರಿಸಿದರೆ ಕಲ್ಲಿದ್ದಲು ಉಳಿಯುತ್ತದೆ, ಒಳ್ಳೆಯ ಕೆಲಸವೇ, ಆದರೆ ತೈಲ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಪೆಟ್ರೋಲ್ ಸ್ಕೂಟರಿನ ಬದಲು ವಿದ್ಯುತ್ ಸ್ಕೂಟರ್ ತಂದಾಗ ಉಳಿಯುವುದು ನೇರವಾಗಿ ತೈಲ. ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಇರುವ ನಮ್ಮ ರಾಜ್ಯದಲ್ಲಿ ಈ ಬದಲಾವಣೆಗೆ ಇನ್ನೂ ಹೆಚ್ಚು ಅರ್ಥವಿದೆ. ಒಂದು ಅಪವಾದ ಡೀಸೆಲ್ ಜನರೇಟರ್. ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದಾಗ ಅದು ಒಂದು ಲೀಟರ್ ಡೀಸೆಲಿಗೆ ಮೂರ್ನಾಲ್ಕು ಯೂನಿಟ್ಟನ್ನಷ್ಟೇ ಕೊಡುತ್ತದೆ. ಅಂಥ ಹೊತ್ತಿನಲ್ಲಿ ಲಿಫ್ಟ್, ನೀರೆತ್ತುವ ಪಂಪು, ಗೀಸರ್ ಬಳಕೆ ಹಿಡಿತದಲ್ಲಿದ್ದರೆ ಉಳಿಯುವುದು ಡೀಸೆಲ್ಲೇ.

ಅಡುಗೆಮನೆಯಲ್ಲಿ ತೈಲ ಸಿಲಿಂಡರಿನ ರೂಪದಲ್ಲಿದೆ. 14.2 ಕಿಲೋ ಅಡುಗೆ ಅನಿಲದಲ್ಲಿ ಸ್ವಲ್ಪ ಸಂಸ್ಕರಣಾಗಾರದಿಂದ, ಸ್ವಲ್ಪ ನೈಸರ್ಗಿಕ ಅನಿಲದಿಂದ ಬರುತ್ತದೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಇಲ್ಲಿ ಒಂದು ಭೌತಶಾಸ್ತ್ರದ ಸಂಗತಿ ಎಲ್ಲಕ್ಕಿಂತ ಮುಖ್ಯ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಆವಿ ಮಾತ್ರ ಹೆಚ್ಚು ಏಳುತ್ತದೆ. ಕುದಿ ಬಂದೊಡನೆ ಉರಿ ಸಣ್ಣಗೆ ಮಾಡಿ ಮುಚ್ಚಳ ಮುಚ್ಚಿದರೆ ಬೇಳೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡದಿಂದ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಅಡುಗೆ ಬೇಗ ಆಗುತ್ತದೆ. ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದರ ಮೇಲೊಂದು ಇಟ್ಟು ಒಂದೇ ಸಲಕ್ಕೆ ಕೂಗಿಸುವ ನಮ್ಮ ಮನೆಗಳ ರೂಢಿ ನಿಜಕ್ಕೂ ಜಾಣತನದ್ದು. ಕಡಲೆ, ಅಲಸಂದೆ, ಹುರುಳಿಯನ್ನು ರಾತ್ರಿಯೇ ನೆನೆಹಾಕಿ. ಪಾತ್ರೆಯ ತಳದಿಂದ ಆಚೆ ಚಾಚಿದ ಜ್ವಾಲೆ ಕೋಣೆಯನ್ನು ಕಾಯಿಸುತ್ತದೆ, ಸಾರನ್ನಲ್ಲ.

ಗ್ಯಾಸ್ ಗೀಸರ್ ಇರುವ ಮನೆಯವರು ಸೌರ ನೀರು ಕಾಯಿಸುವ ಯಂತ್ರದ ಬಗ್ಗೆ ಯೋಚಿಸಲೇಬೇಕು. ಸ್ನಾನದ ನೀರಿಗೆ ಆಮದಿನ ಅನಿಲ ಉರಿಸುವ ಅಗತ್ಯ ವರ್ಷದ ಬಹುಪಾಲು ದಿನ ಬಿಸಿಲಿರುವ ಬಯಲುಸೀಮೆಗೆ ಇಲ್ಲ. ಹಸು ಸಾಕುವವರಿಗೆ ಇನ್ನೊಂದು ದಾರಿಯಿದೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸ್ ಒಲೆಗಳು ದಶಕಗಳಿಂದ ಉರಿಯುತ್ತಿವೆ. ಸಗಣಿಯ ಅನಿಲ ಅಡುಗೆಗೆ, ಉಳಿದ ಬಗ್ಗಡ ತೋಟಕ್ಕೆ.

ಇನ್ನು ಮರುಬಳಕೆಗೆ ಬರೋಣ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿ ಮಾತಾಡುತ್ತೇನೆ, ಏಕೆಂದರೆ ಎಲ್ಲ ಮರುಬಳಕೆಯೂ ತೈಲ ಉಳಿಸುತ್ತದೆ ಎಂಬ ಮಾತು ನಿಜವಲ್ಲ. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ ಅದಿರಿನಿಂದ ಹೊಸದು ಮಾಡುವುದಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 95 ಉಳಿಯುತ್ತದೆ. ಅದ್ಭುತ ಉಳಿತಾಯ, ಆದರೆ ಉಳಿಯುವುದು ಬಹುಪಾಲು ವಿದ್ಯುತ್, ಅಂದರೆ ಕಲ್ಲಿದ್ದಲು. ಕಾಗದದ ಮರುಬಳಕೆಯಿಂದ ಮರ, ನೀರು, ಕಲ್ಲಿದ್ದಲು ಉಳಿಯುತ್ತವೆ. ಇವೆಲ್ಲ ಮಾಡಲೇಬೇಕಾದವು. ತೈಲದ ಮಟ್ಟಿಗೆ ಮಾತ್ರ ನೋಡಿದರೆ ಮುಖ್ಯವಾದವು ಬೇರೆ: ಪ್ಲಾಸ್ಟಿಕ್, ಟೈರು, ಹಳೆಯ ಎಂಜಿನ್ ಆಯಿಲ್, ಡಾಂಬರು.

ಎಂಜಿನ್ ಆಯಿಲ್ ಬಗ್ಗೆ ಜನ ಮಾತಾಡುವುದೇ ಕಡಿಮೆ. ಸರ್ವಿಸಿಗೆ ಬಿಟ್ಟಾಗ ತೆಗೆದ ಕಪ್ಪು ಆಯಿಲ್ ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಆಯಿಲ್ ಸವೆಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೇ. ಮಸಿ, ಲೋಹದ ಪುಡಿ, ನೀರು ಸೇರಿಕೊಂಡಿರುತ್ತವೆ. ಅವನ್ನು ತೆಗೆದರೆ ಮತ್ತೆ ಆಯಿಲ್ಲೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಲೆಕ್ಕ ಹೀಗಿದೆ: ಸುಮಾರು 2.4 ಲೀಟರ್ ಒಳ್ಳೆಯ ಆಯಿಲ್ ಪಡೆಯಲು ಒಂದು ಬ್ಯಾರೆಲ್, ಅಂದರೆ 159 ಲೀಟರ್ ಕಚ್ಚಾ ತೈಲ ಸಂಸ್ಕರಿಸಬೇಕು. ಅಷ್ಟನ್ನೇ ಸುಮಾರು 3.8 ಲೀಟರ್ ಬಳಸಿದ ಆಯಿಲ್‌ನಿಂದ ತೆಗೆಯಬಹುದು. ಆ ಬ್ಯಾರೆಲ್ಲಿನ ಉಳಿದ ಭಾಗ ವ್ಯರ್ಥವಾಗುವುದಿಲ್ಲ, ಪೆಟ್ರೋಲ್, ಡೀಸೆಲ್ ಆಗಿ ಹೋಗುತ್ತದೆ ಎಂಬುದನ್ನೂ ನೆನಪಿಡಿ. ಆದರೂ ಅಂತರ ದೊಡ್ಡದು. ನಮ್ಮಲ್ಲಿ ಈ ಕಪ್ಪು ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದುಂಟು, ಚರಂಡಿಗೆ ಸುರಿಯುವುದುಂಟು. ಒಂದು ಲೀಟರ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು. ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿ, 2024ರ ಏಪ್ರಿಲ್‌ನಿಂದ ಬಳಸಿದ ಆಯಿಲ್ ಮರುಸಂಸ್ಕರಣೆಯ ಹೊಣೆಯನ್ನು ಆಯಿಲ್ ತಯಾರಿಸುವವರ ಮೇಲೂ ಹೊರಿಸಿದೆ. ನಮ್ಮ ಕೆಲಸ ಚಿಕ್ಕದು. ಗಾಡಿ ಬಿಡುವಾಗ ಮೆಕ್ಯಾನಿಕ್ಕಿಗೆ ಕೇಳಬೇಕು: ಹಳೇ ಆಯಿಲ್ ಯಾರಿಗೆ ಕೊಡ್ತೀರಣ್ಣ? ನಾಲ್ಕು ಗಿರಾಕಿಗಳು ಕೇಳಿದರೆ ಅವರೂ ಅಧಿಕೃತ ಸಂಗ್ರಹಗಾರರನ್ನು ಹುಡುಕುತ್ತಾರೆ.

ಟೈರಿನ ವಿಚಾರವೂ ಹೀಗೆಯೇ. ಲಾರಿ, ಬಸ್ಸಿನ ಟೈರು ಸವೆದಾಗ ಮೇಲಿನ ಪದರ ಮಾತ್ರ ಹೋಗಿರುತ್ತದೆ, ಒಳಗಿನ ಮೈ ಗಟ್ಟಿಯಾಗಿಯೇ ಇರುತ್ತದೆ. ಹೊಸ ಪದರ ಹಾಕಿಸುವುದನ್ನು ನಮ್ಮ ಲಾರಿ ಮಾಲೀಕರು ರೀಸೋಲ್ ಎನ್ನುತ್ತಾರೆ. ಹೊಸ ಲಾರಿ ಟೈರಿಗೆ 80 ಲೀಟರಿಗೂ ಮೀರಿ ತೈಲ ಬೇಕಾದರೆ ರೀಸೋಲಿಗೆ ಅದರ ಮೂರನೇ ಒಂದು ಭಾಗ ಸಾಕೆಂಬುದು ಆ ಉದ್ಯಮದಲ್ಲಿ ಚಾಲ್ತಿಯಲ್ಲಿರುವ ಲೆಕ್ಕ. ಬೆಂಗಳೂರಿಂದ ಹುಬ್ಬಳ್ಳಿವರೆಗೆ ಹೆದ್ದಾರಿ ಬದಿಯಲ್ಲಿ ಕಾಣುವ ಆ ಚಿಕ್ಕ ಶೆಡ್ಡುಗಳು ದೊಡ್ಡ ಕೆಲಸ ಮಾಡುತ್ತಿವೆ.

ಪ್ಲಾಸ್ಟಿಕ್ಕಿಗೆ ಬಂದರೆ ಜಗತ್ತಿನ ಸ್ಥಿತಿ ಚೆನ್ನಾಗಿಲ್ಲ. 2022ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಹೇಳಿದಂತೆ ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ನಿಜವಾಗಿ ಮರುಬಳಕೆಯಾಗುವುದು ಶೇ 9 ಮಾತ್ರ. ಕಾರಣ ಸರಳ. ಪ್ಲಾಸ್ಟಿಕ್ ಒಂದೇ ವಸ್ತುವಲ್ಲ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂದಿದ್ದರೆ ಅದು ಪಿಇಟಿ, ನೀರಿನ ಬಾಟಲಿಯದು. 2 ಎಂದರೆ ಶಾಂಪೂ, ಫಿನಾಯಿಲ್ ಡಬ್ಬಿಯ ಗಟ್ಟಿ ಪಾಲಿಥೀನ್. 4 ತೆಳು ಪಾಲಿಥೀನ್, ಹಾಲಿನ ಪ್ಯಾಕೆಟ್ಟಿನ ಜಾತಿ. 5 ಪಾಲಿಪ್ರೊಪಿಲೀನ್. ಇವು ನಾಲ್ಕಕ್ಕೂ ಕೊಳ್ಳುವವರಿದ್ದಾರೆ. ಒಂದರೊಳಗೊಂದು ಬೆರೆತರೆ, ಅಥವಾ ಸಾಂಬಾರು ಮೆತ್ತಿದರೆ, ಬೆಲೆ ಹೋಗುತ್ತದೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಡಬೇಕೆನ್ನುವುದು ಇದಕ್ಕೇ: ಒಣಗಿದ್ದರೆ ಗುಜರಿಯವರು ತೂಕಕ್ಕೆ ದುಡ್ಡು ಕೊಟ್ಟು ಒಯ್ಯುತ್ತಾರೆ, ಗಲೀಜಾಗಿದ್ದರೆ ಲಾರಿ ಹತ್ತಿ ಊರಾಚೆಯ ಕಸದ ಗುಡ್ಡ ಸೇರುತ್ತದೆ. ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಚೂರು ಬೇರೆಯಾಗದಂತೆ ನೋಡಿಕೊಳ್ಳಿ, ಆ ಚೂರನ್ನು ಯಾರೂ ಆಯಲಾರರು. ಚಿಪ್ಸ್ ಪ್ಯಾಕೆಟ್ಟಿನಂಥ ಹಲವು ಪದರದ ಹೊದಿಕೆಗಳು ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತವೆ. ಅಲ್ಲಿ ಉಳಿಯುವುದು ಕಲ್ಲಿದ್ದಲು. ಆದ್ದರಿಂದ ಅವುಗಳನ್ನು ಕೊಳ್ಳುವುದನ್ನೇ ಕಡಿಮೆ ಮಾಡುವುದು ಸರಿಯಾದ ದಾರಿ.

ಒಂದು ಮಿತಿಯನ್ನೂ ಹೇಳಿಬಿಡಬೇಕು. ಪ್ಲಾಸ್ಟಿಕ್ ಕರಗಿಸಿದಷ್ಟೂ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ, ಗುಣ ಕುಗ್ಗುತ್ತದೆ. ಬಾಟಲಿ ಬಹಳ ಸಲ ಬಾಟಲಿಯಾಗಿಯೇ ಮರಳುವುದಿಲ್ಲ, ನೂಲಾಗಿ ಅಂಗಿಯೋ ದಿಂಬಿನ ಹತ್ತಿಯೋ ಆಗಿ ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಕರಗಿಸುವುದಕ್ಕಿಂತ ಇದ್ದ ಹಾಗೆಯೇ ಮತ್ತೆ ಬಳಸುವುದು ಮೇಲು, ಅದಕ್ಕಿಂತ ಕೊಳ್ಳದಿರುವುದು ಮೇಲು. ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ತೈಲದ್ದು. ಇರುವ ಅಂಗಿಯನ್ನು ಎರಡು ವರ್ಷ ಹೆಚ್ಚು ಹಾಕಿಕೊಂಡರೆ ಅದೂ ತೈಲದ ಉಳಿತಾಯವೇ.

ರಸ್ತೆಯ ಡಾಂಬರಿನಲ್ಲಿ ಕಸದ ಪ್ಲಾಸ್ಟಿಕ್ ಬೆರೆಸುವ ವಿಧಾನ ಬೆಳೆದದ್ದು ನಮ್ಮ ದಕ್ಷಿಣದಲ್ಲೇ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ಆರ್. ವಾಸುದೇವನ್ ಅವರಿಗೆ ಈ ಕೆಲಸಕ್ಕಾಗಿ 2018ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿ ಕೆ.ಕೆ. ಪ್ಲಾಸ್ಟಿಕ್ ಸಂಸ್ಥೆಯ ಅಹ್ಮದ್ ಖಾನ್, ರಸೂಲ್ ಖಾನ್ ಸೋದರರು 2000ದ ದಶಕದ ಮೊದಲ ವರ್ಷಗಳಲ್ಲೇ ಇದನ್ನು ರಸ್ತೆಗೆ ತಂದರು. ಡಾಂಬರಿನ ತೂಕದ ಶೇ 6ರಿಂದ 8ರಷ್ಟು ಪ್ಲಾಸ್ಟಿಕ್ ಸೇರುತ್ತದೆ, ಅಷ್ಟು ಡಾಂಬರು ಉಳಿಯುತ್ತದೆ. ಬೇರೆ ಯಾವ ಉಪಯೋಗಕ್ಕೂ ಬಾರದ ತೆಳು ಕವರುಗಳಿಗೆ ಇದು ಒಳ್ಳೆಯ ಗತಿ. ಚೆನ್ನಾಗಿರುವ ಬಾಟಲಿಯನ್ನು ರಸ್ತೆಗೆ ಹಾಕುವುದು ಮಾತ್ರ ನಷ್ಟ.

ಹಸಿ ಕಸಕ್ಕೂ ತೈಲಕ್ಕೂ ಏನು ಸಂಬಂಧ? ಲಾರಿಯೇ ಆ ಸಂಬಂಧ. ಮನೆಯ ಕಸದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ, ಅದರಲ್ಲಿ ಬಹುಪಾಲು ನೀರು. ಮಾವಳ್ಳಿಪುರ, ಮಂಡೂರಿನ ಜನ ಹೋರಾಡಿ ತಮ್ಮೂರಿಗೆ ಬೆಂಗಳೂರಿನ ಕಸ ಬರುವುದನ್ನು ನಿಲ್ಲಿಸಿದ ಕಾಲದಿಂದ ನಗರದ ಕಸ ದೂರದೂರದ ಕ್ವಾರಿಗಳನ್ನು ಹುಡುಕುತ್ತ ಅಲೆದಿದೆ. ತರಕಾರಿ ಸಿಪ್ಪೆಯಲ್ಲಿರುವ ನೀರನ್ನು ಡೀಸೆಲ್ ಉರಿಸಿ ಅಷ್ಟು ದೂರ ಸಾಗಿಸುತ್ತಿದ್ದೇವೆ. ತಾರಸಿಯ ಮೇಲೆ ಒಂದು ಗೊಬ್ಬರದ ಡ್ರಮ್ ಇಟ್ಟರೆ ಆ ನೀರು ಮನೆಯಲ್ಲೇ ಆರುತ್ತದೆ.

ಸಾಗಣೆಯ ಡೀಸೆಲ್ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಆದರೆ ಕೊಳ್ಳುವ ಪ್ರತಿ ವಸ್ತುವಿನಲ್ಲೂ ಅದು ಸೇರಿದೆ. ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡಿನವರೆಗೆ ಕೊಂಕಣ ರೈಲ್ವೆ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಒಯ್ಯುತ್ತದೆ. ಎಂಜಿನ್ ಆರಿಸಿಕೊಂಡು ಚಾಲಕರು ವಿಶ್ರಾಂತಿ ಪಡೆಯುತ್ತಾರೆ. 2022ರಲ್ಲಿ ಆ ಮಾರ್ಗ ಪೂರ್ತಿ ವಿದ್ಯುದೀಕರಣವಾದ ಮೇಲೆ ಉಳಿತಾಯ ಇನ್ನೂ ಹೆಚ್ಚಿತು. ಇದು ನಾವು ನೀವು ಮಾಡುವ ಕೆಲಸವಲ್ಲ. ನಮ್ಮ ಕೈಯಲ್ಲಿರುವುದು ಹತ್ತಿರದಲ್ಲಿ ಬೆಳೆದದ್ದನ್ನು, ಆಯಾ ಕಾಲದಲ್ಲಿ ಬಂದದ್ದನ್ನು ಕೊಳ್ಳುವುದು, ಮೊಬೈಲಿನಲ್ಲಿ ದಿನಕ್ಕೊಂದು ವಸ್ತು ತರಿಸುವ ಬದಲು ವಾರಕ್ಕೊಮ್ಮೆ ಒಟ್ಟಿಗೆ ತರಿಸುವುದು.

ಜನರ ಅಭ್ಯಾಸದಿಂದ ಏನಾದೀತು ಎಂದು ಅನುಮಾನಿಸುವವರಿಗೆ 1973 ನೆನಪಿಸುತ್ತೇನೆ. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದವು, ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನವೆಂಬರ್ 4ರಂದು ನೆದರ್‌ಲ್ಯಾಂಡ್ಸ್ ತನ್ನ ಮೊದಲ ಕಾರಿಲ್ಲದ ಭಾನುವಾರ ಆಚರಿಸಿತು. ಅಮೆರಿಕ 1974ರಲ್ಲಿ ಹೆದ್ದಾರಿಯ ವೇಗಮಿತಿಯನ್ನು ಗಂಟೆಗೆ 55 ಮೈಲಿಗೆ ಇಳಿಸಿತು. ಬಿಕ್ಕಟ್ಟು ಬಂದ ಮೇಲೆ ಒತ್ತಾಯಕ್ಕೆ ಮಾಡುವುದಕ್ಕಿಂತ ಬರುವ ಮೊದಲೇ ಮನಸ್ಸಿನಿಂದ ಮಾಡುವುದು ಸುಲಭ.

ಒಂದು ತಿಂಗಳು ಮೂರೇ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ: ಹಾಕಿಸಿದ ಪೆಟ್ರೋಲ್ ಎಷ್ಟು ಲೀಟರ್, ಸಿಲಿಂಡರ್ ಎಷ್ಟು ದಿನ ಬಂತು, ಗುಜರಿಗೆ ಕೊಟ್ಟ ಪ್ಲಾಸ್ಟಿಕ್ ಎಷ್ಟು ಕಿಲೋ. ಮಕ್ಕಳ ಕೈಗೇ ಪೆನ್ಸಿಲ್ ಕೊಡಿ. ಮುಂದಿನ ತಿಂಗಳು ಪೆಟ್ರೋಲಿನ ಅಂಕಿ ಇಳಿಸುವುದರಿಂದಲೇ ಶುರು ಮಾಡಿ. ನಾಳೆ ಬೆಳಿಗ್ಗೆ ಗಾಡಿ ಹೊರಗೆ ತೆಗೆಯುತ್ತೀರಾದರೆ ಮೊದಲು ಬಂಕಿಗೆ ಹೋಗಿ ಟೈರಿನ ಗಾಳಿ ನೋಡಿಸಿ.